ನೆಲದಿಂದ ಒಂದು ಗೇಣು

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಬಹಳ ಜನ ಅಡುಗೆ ಮನೆಯಲ್ಲೇ ಇರುತ್ತೀರಿ, ಗೊತ್ತು. ಒಂದು ಕಿವಿ ರೇಡಿಯೋ ಕಡೆ, ಒಂದು ಕಣ್ಣು ರೊಟ್ಟಿ ಕಡೆ. ಒಳ್ಳೆಯದೇ ಆಯ್ತು. ಅಲ್ಲೇ ನಿಂತು, ಗ್ಯಾಸ್ ಸೋರಿದರೆ ಕೂಗುವ ನಿಮ್ಮ ಗ್ಯಾಸ್ ಅಲಾರಂ ಎಲ್ಲಿದೆ ನೋಡಿ. ಸಿಲಿಂಡರ್ ಇರುವ ಮನೆಯಲ್ಲಿ ಅದನ್ನು ತಲೆ ಎತ್ತಿ ನೋಡಬೇಕಾಯ್ತು ಅಂದರೆ, ಅದು ತಪ್ಪು ಜಾಗದಲ್ಲಿದೆ.

ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತೈದು ವರ್ಷದಿಂದ ಒಲೆ, ರೆಗ್ಯುಲೇಟರ್, ಪೈಪು ಇದೇ ಕೆಲಸ ಮಾಡಿಕೊಂಡು ಬಂದವನು. ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ. ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಿದು, ತಗ್ಗು ಸಿಕ್ಕ ಕಡೆ ನಿಲ್ಲುತ್ತದೆ. ಹಾಗಾಗಿ ಅಲಾರಂ ನೆಲದಿಂದ ಒಂದು ಗೇಣು ಮೇಲೆ ಇರಬೇಕು. ಎದೆಮಟ್ಟ ಅಲ್ಲ, ಕಟ್ಟೆಯ ಮೇಲೆ ಅಲ್ಲ. ಒಂದು ಗೇಣು.

ಬೆಟಗೇರಿಯಲ್ಲಿ ನಮ್ಮ ಅಕ್ಕನ ಮನೆ ಇದೆ. ಹಳೇ ನೇಕಾರರ ಮನೆ. ಮಗ್ಗ ತೆಗೆದು ಎಷ್ಟೋ ವರ್ಷ ಆಯ್ತು, ಕುಣಿಮಗ್ಗದ ಕುಣಿ, ಅಂದರೆ ನೇಯುವವರು ಕಾಲು ಇಳಿಬಿಟ್ಟು ಕೂರುವ ತಗ್ಗು, ಅದು ಮಾತ್ರ ಪಡಸಾಲೆಯಲ್ಲಿ ಹಾಗೇ ಉಳಿದಿತ್ತು. ಮೇಲೆ ಹಲಗೆ ಹಾಕಿ ಜೋಳದ ಚೀಲ ಇಟ್ಟಿದ್ದರು. ಅಡುಗೆ ಮನೆಯಿಂದ ಪಡಸಾಲೆಗೆ ಒಂದು ಮೆಟ್ಟಿಲು ಇಳಿಯಬೇಕು. ಅಕ್ಕ ಅಲಾರಂ ತರಿಸಿದಳು. ಹಾಕಲು ಬಂದ ಹುಡುಗ ಅದನ್ನು ಅಟ್ಟದ ಕೆಳಗೆ ಹೊಡೆದು ಹೋದ. ಮಕ್ಕಳ ಕೈಗೆ ಸಿಗಬಾರದು, ನೋಡಲಿಕ್ಕೂ ಚಂದ ಇರಬೇಕು ಅಂತ. "ಅಕ್ಕಾ, ಇದು ಇಲ್ಲಿ ಬ್ಯಾಡ" ಅಂದೆ. "ಮೊದಲ ಚಾ ಕುಡಿ" ಅಂದಳು. ಗಿರಮಿಟ್ಟೂ ಬಂತು. ಅಲಾರಂ ಅಲ್ಲೇ ಉಳಿಯಿತು. ನನ್ನದೂ ತಪ್ಪಿದೆ ಅನ್ನಿ.

ಒಂದು ದಿನ ಸಂಜೆ ಸಿಲಿಂಡರ್ ಬದಲಿಸಿದ್ದಾರೆ. ಅದರ ಬಾಯಿಯೊಳಗಿನ ರಬ್ಬರ್ ವಾಷರ್ ಸೀಳಿತ್ತು. ಉಂಗುರದಷ್ಟು ದೊಡ್ಡದು ಅದು, ಯಾರು ನೋಡುತ್ತಾರೆ? ಆವತ್ತೇ ಬ್ಯಾಡಗಿ ಮೆಣಸಿನಕಾಯಿ ಹುರಿದು ಖಾರಪುಡಿ ಮಾಡಿದ್ದರು. ಮನೆ ತುಂಬಾ ಘಾಟು, ಎಲ್ಲರಿಗೂ ಸೀನು, ಎಲ್ಲರ ಮೂಗೂ ಕಟ್ಟಿತ್ತು. ಉಂಡು ಮಲಗಿದರು. ಅಕ್ಕ ಭಾವ ಮಂಚದ ಮೇಲೆ. ಅಕ್ಕನ ಅತ್ತೆ, ನಾವೆಲ್ಲ ಆಯಿ ಅನ್ನುತ್ತೇವೆ, ಅವರು ಕುಣಿಯ ಪಕ್ಕ ನೆಲದ ಮೇಲೆ ಕೌದಿ ಹಾಸಿಕೊಂಡು.

ನಡುರಾತ್ರಿ ಆಯಿ ಎದ್ದು ಕೂತರು. "ಏನೋ ಕೊಳತ ವಾಸ್ನಿ ಬರಾಕತ್ತೈತಿ ನೋಡ್ರೋ." ಭಾವ ಮಂಚದ ಮೇಲಿಂದಲೇ, "ಇಲಿ ಸತ್ತಿರಬೇಕು, ಮಕ್ಕೋ ಅವ್ವಾ" ಅಂದರು. ಮಂಚದ ಮೇಲೆ ವಾಸನೆಯೇ ಇರಲಿಲ್ಲ, ಅವರದೇನು ತಪ್ಪು? ಆಯಿ ಬಿಡಲಿಲ್ಲ. ಭಾವ ಗೊಣಗುತ್ತ ಎದ್ದು ಲೈಟಿನ ಗುಂಡಿಗೆ ಕೈ ಚಾಚಿದರು. "ಲೈಟ್ ಹಚ್ಚಬ್ಯಾಡೋ! ಮೊದಲ ಬಾಗಲಾ ತಗಿ!" ಗುಂಡಿಯಿಂದ ಒಂದು ಕಿಡಿ ಹಾರಿದರೆ ಸಾಕು ಅಂತ ಶಾಲೆ ಮೆಟ್ಟಿಲು ಹತ್ತದ ಆಯಿಗೆ ಹೇಗೆ ಗೊತ್ತು? ರೇಡಿಯೋದಲ್ಲಿ ಕೇಳಿದ್ದರಂತೆ. ಇಲ್ಲಿಯವರನ್ನು ಹೊಗಳಲು ಹೇಳುತ್ತಿಲ್ಲ, ನಡೆದದ್ದೇ ಹಾಗೆ. ಕತ್ತಲಲ್ಲೇ ತಡಕಾಡಿ ಬಾಗಿಲು ತೆಗೆದರು, ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿದರು, ಎಲ್ಲರೂ ಓಣಿಗೆ ಬಂದು ಕೂತರು.

ಅಷ್ಟು ಹೊತ್ತೂ ನಮ್ಮ ಅಲಾರಂ ಅಟ್ಟದ ಕೆಳಗೆ ಹಸಿರು ದೀಪ ಹಚ್ಚಿಕೊಂಡು ಸುಮ್ನೆ ಕೂತಿತ್ತು. ಗ್ಯಾಸೆಲ್ಲ ಕುಣಿಯಲ್ಲಿತ್ತು. ಮರುದಿನ ನಾನು ಹೋಗಿ ಅದನ್ನು ಕಿತ್ತು, ಒಂದು ಗೇಣಿಗೆ ಹಾಕಿ, ಬೀಡಿ ಹಚ್ಚುವ ಲೈಟರಿನಿಂದ ಉರಿ ಹೊತ್ತಿಸದೆ ಗ್ಯಾಸ್ ಅಷ್ಟೇ ಬಿಟ್ಟೆ. ಪಕ್ಕದ ಮನೆಯವರು ಓಡಿ ಬರುವಷ್ಟು ಕಿರುಚಿತು. ಯಂತ್ರ ಕೆಟ್ಟಿರಲಿಲ್ಲ. ಅಟ್ಟಕ್ಕೆ ಗ್ಯಾಸೇ ಹೋಗಿರಲಿಲ್ಲ.

ಗಾಜಿನ ಆಚೆಯಿಂದ ಆಗಲೇ ಬೆರಳು ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ.

ಅಲಾರಂ ಒಲೆಯಿಂದ ನಾಲ್ಕೈದು ಅಡಿ ದೂರ ಇರಲಿ. ಬಾಗಿಲ ಗಾಳಿಗೆ ಬೇಡ, ಡಬ್ಬಿಗಳ ಹಿಂದೆ ಬೇಡ. ರಾತ್ರಿ ಕರೆಂಟು ಉಳಿಸಲು ಅದರ ಸ್ವಿಚ್ ಆರಿಸುವವರಿದ್ದಾರೆ. ದಯವಿಟ್ಟು ಬೇಡ! ಮಲಗಿದಾಗಲೇ ಅಲ್ವಾ ಅದು ಬೇಕಾಗುವುದು? ಕರೆಂಟು ಜಾಸ್ತಿ ಹೋಗುವ ಊರಾದರೆ ಬ್ಯಾಟರಿ ಇರುವುದನ್ನೇ ಕೊಳ್ಳಿ. ಟೆಸ್ಟ್ ಗುಂಡಿ ಒತ್ತಿದಾಗ ಸದ್ದು ಬಂತು ಅಂದರೆ ಸದ್ದು ಸರಿ ಇದೆ ಅಂತ ಅಷ್ಟೇ, ಗ್ಯಾಸ್ ಹಿಡಿಯುತ್ತದೆ ಅಂತಲ್ಲ. ಧೂಳನ್ನು ಒಣ ಬಟ್ಟೆಯಿಂದ ಒರೆಸಿ. ಹತ್ತಿರ ಸೆಂಟು, ಜಿರಲೆ ಸ್ಪ್ರೇ ಹೊಡೆಯಬೇಡಿ, ಸುಮ್ಮಸುಮ್ಮನೆ ಕೂಗುತ್ತದೆ. ಒಳಗಿನ ಸೆನ್ಸರ್ ಸಾಮಾನ್ಯವಾಗಿ 5 ವರ್ಷಕ್ಕೆ ಮುಗಿಯುತ್ತದೆ. ದೀಪ ಉರಿಯುತ್ತಿದ್ದರೂ ಬದಲಿಸಿ.

ಹುಬ್ಬಳ್ಳಿ-ಧಾರವಾಡದಲ್ಲಿ ಪೈಪಿನ ಗ್ಯಾಸ್ ಬಂದ ಮನೆಗಳಿಗೆ ನನ್ನ ಮಾತು ತಿರುವುಮುರುವು. ಅದು ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ. ಅಲ್ಲಿ ಅಲಾರಂ ಛಾವಣಿಯಿಂದ ಒಂದು ಗೇಣು ಕೆಳಗೆ.

ಸವದತ್ತಿ ಜಾತ್ರೆಗೆ ಟೆಂಪೋದಲ್ಲಿ ಸಿಲಿಂಡರ್ ಇಟ್ಟುಕೊಂಡು ಹೋಗಿ ಒಳಗೇ ಮಲಗುತ್ತೀರಲ್ಲ, ಆ ಗಾಡಿಯೂ ನಮ್ಮ ಅಕ್ಕನ ಮನೆಯ ಕುಣಿ ಇದ್ದ ಹಾಗೇ. ಗಾಡಿಯ ಬ್ಯಾಟರಿಗೆ ಹೊಂದುವ 12 ವೋಲ್ಟಿನ ಅಲಾರಂ ಸಿಗುತ್ತದೆ, ಲಾರಿಗೆ 24. ಗಾಡಿಯ ನೆಲದಿಂದ ಅದೇ ಒಂದು ಗೇಣು. ಚಳಿಗೆ ಅಂತ ಒಳಗೆ ಇದ್ದಿಲು ಸಿಗಡಿ ಮಾತ್ರ ಇಡಬೇಡಿ. ಅದರ ವಿಷಗಾಳಿಗೆ ವಾಸನೆಯೂ ಇಲ್ಲ, ಈ ಅಲಾರಂಗೆ ಅದು ತಿಳಿಯುವುದೂ ಇಲ್ಲ.

ಕೂಗಿತು ಅಂದರೆ ಯಾವ ಗುಂಡಿಯನ್ನೂ ಹಚ್ಚಬೇಡಿ, ಆರಿಸಲೂ ಬೇಡಿ. ಬಾಗಿಲು ತೆಗೆಯಿರಿ, ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದ ಮೇಲೆ ಸಿಲಿಂಡರ್ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಅಕ್ಕಾ, ಕೇಳುತ್ತಿದ್ದರೆ ನಿನ್ನ ಅಲಾರಂ ಹಿಂದಿನ ತಾರೀಕು ನೋಡು. ಹೋದ ತಿಂಗಳೇ 5 ವರ್ಷ ಮುಗೀತು. ನಾನು ಭಾನುವಾರ ಬರುತ್ತೇನೆ, ಚಾ ಆಮೇಲೆ. ನಮಸ್ಕಾರ.