ಡೋಡೊ ಮರಳಿ ಬಂದರೆ ಮೊಟ್ಟೆ ಎಲ್ಲಿಡಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಅಳಿದು ಮುನ್ನೂರು ವರ್ಷ ದಾಟಿದ ಡೋಡೊ ಹಕ್ಕಿಯನ್ನು ಮತ್ತೆ ಹುಟ್ಟಿಸುತ್ತೇವೆ ಅಂತ ಅಮೆರಿಕದ ಕೊಲಾಸಲ್ ಕಂಪನಿ 2023ರಲ್ಲಿ ಹೇಳಿತು. ಕೇಳಿ ಖುಷಿಯಾಯಿತು. ಸ್ವಲ್ಪ ಹೊತ್ತಿಗೆ ಅನುಮಾನ ಶುರುವಾಯಿತು.

ಡೋಡೊ ಇದ್ದದ್ದು ಮಾರಿಷಸ್ ದ್ವೀಪದಲ್ಲಿ ಮಾತ್ರ. ಹಾರಲು ಬಾರದ ಹಕ್ಕಿ. 1598ರಲ್ಲಿ ಡಚ್ಚರ ಹಡಗುಗಳು ಬಂದವು. ನಾವಿಕರು ಹೊಡೆದು ತಿಂದದ್ದು ನಿಜ. ಆದರೆ ಜಾಸ್ತಿ ಹಾನಿ ಮಾಡಿದ್ದು ಹಡಗುಗಳ ಜೊತೆ ಬಂದ ಇಲಿ, ಹಂದಿ, ಕೋತಿಗಳು. ನೆಲದ ಮೇಲಿದ್ದ ಮೊಟ್ಟೆಗಳನ್ನು ಅವು ಬಿಡಲಿಲ್ಲ. ನೂರು ವರ್ಷ ತುಂಬುವುದರೊಳಗೆ ಡೋಡೊ ಕಥೆ ಮುಗಿಯಿತು.

ಡೋಡೊ ವಿಷಯದಲ್ಲಿ ಗೊತ್ತಿಲ್ಲದೆ ಆಯಿತು ಅನ್ನಬಹುದು. ಗ್ರೇಟ್ ಆಕ್ ವಿಷಯದಲ್ಲಿ ಹಾಗನ್ನಲು ಬಾಯಿ ಬರುವುದಿಲ್ಲ. ಅದು ಉತ್ತರ ಅಟ್ಲಾಂಟಿಕ್‌ನ ದೊಡ್ಡ ಕಡಲ ಹಕ್ಕಿ. ಅದಕ್ಕೂ ಹಾರಲು ಬಾರದು. ಪುಕ್ಕಕ್ಕಾಗಿ, ಮಾಂಸಕ್ಕಾಗಿ ಕೊಂದು ಕೊಂದು ಕೊನೆಗೆ ಅಪರೂಪವಾದಾಗ, ಅಪರೂಪದ್ದು ಅಂತಲೇ ಬೆಲೆ ಏರಿತು. 1844ರ ಜೂನ್‌ನಲ್ಲಿ ಐಸ್‌ಲ್ಯಾಂಡ್ ಬಳಿಯ ಎಲ್ಡಿ ಎಂಬ ಬಂಡೆ ದ್ವೀಪಕ್ಕೆ ಕೆಲವರು ಹತ್ತಿದರು. ಸಂಗ್ರಹಕಾರರಿಗೆ ಮಾರಲು ಹಕ್ಕಿ ಬೇಕಿತ್ತು. ಸಿಕ್ಕ ಜೋಡಿಯ ಕತ್ತು ಹಿಸುಕಿದರು. ಇದ್ದ ಒಂದೇ ಮೊಟ್ಟೆ ಬಿರುಕು ಬಿಟ್ಟಿತ್ತು, ಅದನ್ನು ಅಲ್ಲೇ ಬಿಟ್ಟು ಬಂದರು.

ಉತ್ತರ ಅಮೆರಿಕದ ಪ್ಯಾಸೆಂಜರ್ ಪಾರಿವಾಳಗಳಂತೂ ಕೋಟಿಗಟ್ಟಲೆ ಇದ್ದವು. ಹಿಂಡು ಹೊರಟರೆ ಗಂಟೆಗಟ್ಟಲೆ ಬಿಸಿಲು ಮರೆಯಾಗುತ್ತಿತ್ತಂತೆ. ಗೂಡು ಎಲ್ಲಿ ಕಟ್ಟಿವೆ ಅಂತ ಟೆಲಿಗ್ರಾಫ್ ಹೇಳಿತು. ಬೇಟೆಗಾರರನ್ನು ರೈಲು ಅಲ್ಲಿಗೆ ಒಯ್ದಿತು, ಮಾಂಸ ತುಂಬಿದ ಪೀಪಾಯಿಗಳನ್ನು ಪೇಟೆಗೆ ತಂದಿತು. ಕೊನೆಯ ಹಕ್ಕಿ ಮಾರ್ಥಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು.

ಸರಿ, ಇವನ್ನು ಮರಳಿ ತರುವುದು ಹೇಗೆ? ಕುರಿಯ ಹಾಗೆ ಹಕ್ಕಿಯನ್ನು ಕ್ಲೋನ್ ಮಾಡಲಾಗುವುದಿಲ್ಲ, ಮೊಟ್ಟೆಯ ರಚನೆಯೇ ಅಡ್ಡಿ. ಅದಕ್ಕೆ ಡೋಡೊವಿನ ಹತ್ತಿರದ ಸಂಬಂಧಿ ನಿಕೋಬಾರ್ ಪಾರಿವಾಳವನ್ನು ಆರಿಸಿಕೊಂಡಿದ್ದಾರೆ. ಅದರ ಭ್ರೂಣದಲ್ಲಿ ಮುಂದೆ ಅಂಡಾಣು, ವೀರ್ಯಾಣು ಆಗುವ ಜೀವಕೋಶಗಳಿರುತ್ತವೆ. ಅವುಗಳ ಜೀನ್‌ಗಳನ್ನು ಡೋಡೊವಿಗೆ ಹೊಂದುವಂತೆ ತಿದ್ದಿ, ಕೋಳಿಯ ಭ್ರೂಣಕ್ಕೆ ಸೇರಿಸುವುದು. ಆ ಕೋಳಿಗಳು ದೊಡ್ಡವಾದ ಮೇಲೆ ಅವುಗಳ ಮರಿಗಳಾಗಿ ಹೊಸ ಹಕ್ಕಿ ಹುಟ್ಟಬೇಕು. ಕೆಲಸ ಅದ್ಭುತ, ಒಪ್ಪುತ್ತೇನೆ. ಆದರೆ ಹುಟ್ಟುವುದು ಡೋಡೊ ಥರ ತಿದ್ದಿದ ನಿಕೋಬಾರ್ ಪಾರಿವಾಳ, ಅಲ್ವಾ?

ಅದಕ್ಕೆ ಬದುಕು ಕಲಿಸುವವರು ಯಾರು? ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದುಗಳು 1982ರ ಹೊತ್ತಿಗೆ 22ಕ್ಕೆ ಇಳಿದಿದ್ದವು. ಮೃಗಾಲಯದಲ್ಲಿ ಬೆಳೆಸಿದ ಮರಿಗಳಿಗೆ ಮನುಷ್ಯರ ರೂಢಿ ಆಗಬಾರದೆಂದು, ಹದ್ದಿನ ತಲೆಯಂಥ ಬೊಂಬೆಯನ್ನು ಕೈಗೆ ತೊಟ್ಟು ತಿನ್ನಿಸಿದರು. ಆದರೂ ಮೊದಮೊದಲು ಕಾಡಿಗೆ ಬಿಟ್ಟ ಹಕ್ಕಿಗಳು ಜನರ ಬಳಿ ಸುಳಿದವು, ವಿದ್ಯುತ್ ಕಂಬಗಳ ಮೇಲೆ ಕೂತವು. ಆಮೇಲೆ ದೊಡ್ಡ ಹದ್ದುಗಳನ್ನೇ ಜೊತೆಗಿಟ್ಟು ಕಲಿಸಬೇಕಾಯಿತು. ಹೊಸ ಡೋಡೊವಿಗೆ ಜೊತೆಗಿಡಲು ದೊಡ್ಡ ಡೋಡೊ ಇಲ್ಲ. ಮಾರಿಷಸ್‌ನಲ್ಲಿ ಇಲಿ, ಹಂದಿ, ಕೋತಿ ಮಾತ್ರ ಇವತ್ತೂ ಇವೆ.

ಅದೇ ದ್ವೀಪದ ಇನ್ನೊಂದು ಹಕ್ಕಿಯ ಕಥೆ ಕೇಳಿ. ಮಾರಿಷಸ್ ಚಾಣ, ಚಿಕ್ಕ ಬೇಟೆಹಕ್ಕಿ. ಕಾಡು ಕಡಿದದ್ದು, ಡಿಡಿಟಿ ಸಿಂಪಡಿಸಿದ್ದು ಸೇರಿ, 1974ರಲ್ಲಿ ಕಾಡಿನಲ್ಲಿ ಉಳಿದಿದ್ದದ್ದು ನಾಲ್ಕೇ ನಾಲ್ಕು. ಹಕ್ಕಿಗಳ ಸಂರಕ್ಷಣೆಗೆ ದುಡಿದ ವಿಜ್ಞಾನಿ ಕಾರ್ಲ್ ಜೋನ್ಸ್ ಮತ್ತು ಅವರ ತಂಡ ಮಾಡಿದ ಕೆಲಸ ಹೇಳಲು ಸುಲಭ: ಮೊದಲ ಸಲದ ಮೊಟ್ಟೆಗಳನ್ನು ಗೂಡಿನಿಂದ ತೆಗೆದು ಇನ್‌ಕ್ಯುಬೇಟರ್‌ನಲ್ಲಿ ಮರಿ ಮಾಡಿಸುವುದು, ತಾಯಿಗೆ ಆಹಾರ ಕೊಟ್ಟು ಮತ್ತೆ ಮೊಟ್ಟೆ ಇಡುವಂತೆ ಮಾಡುವುದು. ಜೊತೆಗೆ ಗೂಡುಪೆಟ್ಟಿಗೆ ಕಟ್ಟುವುದು, ಮರಿ ತಿನ್ನುವ ಪ್ರಾಣಿಗಳನ್ನು ದೂರ ಇಡುವುದು. ಇದನ್ನೇ ವರ್ಷಗಟ್ಟಲೆ ಬೇಸರವಿಲ್ಲದೆ ಮಾಡಿದರು. ಈಗ ನೂರಾರು ಚಾಣಗಳಿವೆ.

ಹಾಗಂತ ಲ್ಯಾಬಿನ ಕೆಲಸ ಸುಮ್ನೆ ದಂಡ ಅನ್ನುತ್ತಿಲ್ಲ. ಮಾರಿಷಸ್‌ನ ಗುಲಾಬಿ ಪಾರಿವಾಳ ಒಂದು ಕಾಲಕ್ಕೆ ಕಾಡಿನಲ್ಲಿ ಹತ್ತರ ಆಸುಪಾಸಿಗೆ ಇಳಿದಿತ್ತು. ಈಗ ಸಂಖ್ಯೆ ಏರಿದೆ, ಆದರೆ ಒಳಸಂಬಂಧದಿಂದ ತಳಿ ಬಡವಾಗಿದೆ. ಹಳೆಯ ಮ್ಯೂಸಿಯಂ ಚರ್ಮಗಳಲ್ಲಿ ಕಳೆದುಹೋದ ಜೀನ್‌ಗಳ ಗುರುತು ಸಿಗಬಹುದು. ಅವನ್ನು ಬದುಕಿರುವ ಪಾರಿವಾಳಕ್ಕೆ ಮರಳಿಸಲು ಇದೇ ತಂತ್ರ ಬೇಕಾಗುತ್ತದೆ. ದುಡ್ಡು ಮೊದಲು ಅಲ್ಲಿಗೆ ಹೋಗಲಿ. ಡೋಡೊ ಹೇಗೂ ಕಾಯುತ್ತದೆ, ಗುಲಾಬಿ ಪಾರಿವಾಳಕ್ಕೆ ಅಷ್ಟು ಸಮಯವಿಲ್ಲ.

ನಮಸ್ಕಾರ.