ಲೆಕ್ಕದ ಪುಸ್ತಕದಲ್ಲಿ ಬಿಟ್ಟುಹೋದ ಬಾಬತ್ತುಗಳು

ಕೇಳುಗರಿಗೆ ನಮಸ್ಕಾರ.

ವಾಣಿಜ್ಯವನ್ನೋ ನಿರ್ವಹಣಾಶಾಸ್ತ್ರವನ್ನೋ ಓದಲು ಬರುವ ಯುವಜನರು ತರಗತಿಯಲ್ಲಿ ಮೊದಲಿಗೆ ಕಲಿಯುವುದು ಲಾಭನಷ್ಟದ ಲೆಕ್ಕವನ್ನು. ಕೊಂಡದ್ದೆಷ್ಟು, ಮಾರಿದ್ದೆಷ್ಟು, ಕೈಗೆ ಉಳಿದದ್ದೆಷ್ಟು ಎಂದು ಕೇಳುವ ಈ ಲೆಕ್ಕ ಬಹಳ ಶಿಸ್ತಿನದು. ಆದರೆ ಕಾರ್ಖಾನೆಯಿಂದ ಹೊಳೆಗೆ ಹರಿದ ಬಣ್ಣದ ನೀರಿಗೆ, ಚಿಮಣಿಯಿಂದ ಮೇಲೇರಿದ ಹೊಗೆಗೆ, ಹೊತ್ತು ಮೀರಿ ದುಡಿದವರ ಆಯಾಸಕ್ಕೆ ಅದರಲ್ಲಿ ಸಾಲು ಇರುವುದಿಲ್ಲ. ಹೀಗೆ ಬಿಟ್ಟುಹೋದ ಬಾಬತ್ತುಗಳನ್ನೂ ಲೆಕ್ಕಕ್ಕೆ ತರಲೇಬೇಕೆಂದು ಹಟ ಹಿಡಿದ ವಿದ್ಯಾರ್ಥಿಗಳ ಮತ್ತು ವೃತ್ತಿನಿರತರ ಸಂಘಟನೆಗಳು ಜಗತ್ತಿನ ಹಲವೆಡೆ ಕೆಲಸ ಮಾಡುತ್ತಿವೆ. ಅವುಗಳ ಬಗ್ಗೆ ಈ ಹೊತ್ತು ಮಾತನಾಡಬೇಕೆಂದಿದ್ದೇನೆ.

ಈ ಹಟಕ್ಕೆ ಎದುರಾಗಿ ನಿಂತಿದ್ದ ವಾದ ಸಣ್ಣದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಒಂದು ಲೇಖನದಲ್ಲಿ, ನಿಯಮಗಳಿಗೆ ಒಳಪಟ್ಟು ಲಾಭವನ್ನು ಹೆಚ್ಚಿಸಿಕೊಳ್ಳುವುದೇ ವ್ಯಾಪಾರಕ್ಕಿರುವ ಸಾಮಾಜಿಕ ಹೊಣೆ ಎಂದು ಹೇಳಿದ್ದರು. ಷೇರುದಾರರ ಹಣವನ್ನು ವ್ಯವಸ್ಥಾಪಕನು ತನಗೆ ಒಳ್ಳೆಯದೆನಿಸಿದ ಕಾರ್ಯಕ್ಕೆ ಖರ್ಚು ಮಾಡಲು ಯಾರು ಅಧಿಕಾರ ಕೊಟ್ಟರು ಎಂಬ ಅವರ ಪ್ರಶ್ನೆಯನ್ನು ಕೇವಲ ಸದ್ಭಾವನೆಯಿಂದ ತಳ್ಳಿಹಾಕಲಾಗದು. ಆದರೆ ಆ ಪ್ರಶ್ನೆಗೆ ಎದುರಾಗಿ ಇನ್ನೊಂದು ಪ್ರಶ್ನೆಯಿದೆ. ವಸ್ತುವಿನ ಬೆಲೆಯಲ್ಲಿ ಸೇರದ ಹಾನಿಯನ್ನು ಅದನ್ನು ಮಾರಿದವನೂ ಕೊಡದೆ, ಕೊಂಡವನೂ ಕೊಡದೆ, ನದಿಯ ಕೆಳಪಾತ್ರದಲ್ಲಿ ವಾಸಿಸುವ ಮೂರನೆಯವನು ತೆರಬೇಕಾಗಿ ಬಂದರೆ, ಆತನ ಹಣವನ್ನು ಖರ್ಚು ಮಾಡಲು ಅಧಿಕಾರ ಕೊಟ್ಟವರು ಯಾರು?

ಇದು ಬರಿಯ ತರ್ಕದ ಮಾತಾಗಿರಲಿಲ್ಲ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ರಾಸಾಯನಿಕಗಳ ಉಗ್ರಾಣವೊಂದಕ್ಕೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಸುರಿದ ನೀರಿನೊಂದಿಗೆ ಕೀಟನಾಶಕಗಳು ರೈನ್ ನದಿಗೆ ಹರಿದವು. ನದಿ ಕೆಂಪಾಯಿತು, ಮೀನುಗಳು ರಾಶಿ ರಾಶಿಯಾಗಿ ಸತ್ತವು. ಮರುವರ್ಷ, 1987ರಲ್ಲಿ, ಅದೇ ದೇಶದ ಸೇಂಟ್ ಗ್ಯಾಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅರ್ಥಶಾಸ್ತ್ರ ಮತ್ತು ಪರಿಸರವನ್ನು ಒಟ್ಟಿಗೆ ನೋಡುವ ಸಂಘವೊಂದನ್ನು ಕಟ್ಟಿ, ಅದಕ್ಕೆ ಓಯ್ಕೋಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಮನೆ ಎಂದು ಅರ್ಥ. ಎಕನಾಮಿಕ್ಸ್ ಮತ್ತು ಇಕಾಲಜಿ ಎಂಬ ಎರಡೂ ಪದಗಳು ಹುಟ್ಟಿದ್ದು ಆ ಒಂದೇ ಮನೆಯಿಂದ ಎಂಬುದನ್ನು ಆ ಹುಡುಗರು ನೆನಪಿಸಿದರು.

ಅಮೆರಿಕದಲ್ಲಿ 1993ರಲ್ಲಿ ವ್ಯವಹಾರ ನಿರ್ವಹಣೆಯನ್ನು ಓದುತ್ತಿದ್ದವರು ಹೊಣೆಯರಿತ ವ್ಯಾಪಾರಕ್ಕಾಗಿ ವಿದ್ಯಾರ್ಥಿಗಳು ಎಂಬ ಅರ್ಥದ ಹೆಸರಿನಲ್ಲಿ ಒಂದು ಸಂಘಟನೆಯನ್ನು ಆರಂಭಿಸಿದರು. 1999ರಲ್ಲಿ ಅದು ನೆಟ್ ಇಂಪ್ಯಾಕ್ಟ್ ಆಯಿತು. ಹೆಸರಿನಿಂದ ವಿದ್ಯಾರ್ಥಿ ಎಂಬ ಪದ ಬಿಟ್ಟುಹೋದದ್ದನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಏಕೆಂದರೆ ಕಾಲೇಜಿನ ಘಟಕಗಳ ಜೊತೆಗೆ ಉದ್ಯೋಗಸ್ಥರ ಘಟಕಗಳೂ ಅದರಲ್ಲಿ ಬೆಳೆದವು, ಮತ್ತು ನಾನು ಹೇಳಬೇಕೆಂದಿರುವ ವಿಷಯ ಇರುವುದು ಆ ಎರಡರ ನಡುವಿನ ಕೊಂಡಿಯಲ್ಲಿ.

ವಿದ್ಯಾರ್ಥಿಗಳ ಘಟಕ ಮಾಡಬಲ್ಲ ಕೆಲಸಗಳಲ್ಲಿ ಅತ್ಯಂತ ಫಲಪ್ರದವಾದದ್ದು ಯಾವುದೆಂದು ಕೇಳಿದರೆ, ನನ್ನ ಉತ್ತರ ಕಸದ ತಪಾಸಣೆ. ಕ್ಯಾಂಟೀನಿನ ಒಂದು ದಿನದ ಕಸವನ್ನೆಲ್ಲ ಅಂಗಳದಲ್ಲಿ ಹಾಸಿದ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿಯುತ್ತಾರೆ. ಕೈಗವಸು ತೊಟ್ಟ ಏಳೆಂಟು ಮಂದಿ ಸುತ್ತಲೂ ಕುಳಿತು, ತಟ್ಟೆಯಲ್ಲಿ ಉಳಿದ ಆಹಾರ, ಕಾಗದದ ಲೋಟ, ಬಾಟಲಿ, ಹೊದಿಕೆಗಳನ್ನು ಬೇರೆ ಬೇರೆ ಬಕೆಟ್ಟಿಗೆ ಹಾಕಿ, ಒಂದೊಂದನ್ನೂ ತಕ್ಕಡಿಗಿಟ್ಟು ತೂಕ ಬರೆದುಕೊಳ್ಳುತ್ತಾರೆ. ಮೊದಲ ಹತ್ತು ನಿಮಿಷ ಮೂಗು ಮುಚ್ಚಿಕೊಂಡವರು ಸ್ವಲ್ಪ ಹೊತ್ತಿಗೆಲ್ಲ ವಾಸನೆಯನ್ನು ಮರೆತು, ಈ ಕಾಗದದ ಲೋಟದ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರವಿದೆಯಲ್ಲ, ಇದನ್ನು ಕಾಗದದ ಬಕೆಟ್ಟಿಗೆ ಹಾಕಬೇಕೋ ಬೇಡವೋ ಎಂದು ಚರ್ಚೆಗಿಳಿಯುತ್ತಾರೆ. ಒಂದು ಲೋಟ ಯಾವ ವರ್ಗಕ್ಕೆ ಸೇರಬೇಕೆಂಬ ಆ ಚರ್ಚೆಯಲ್ಲಿ ವಿನ್ಯಾಸವಿದೆ, ಖರೀದಿಯಿದೆ, ಮರುಬಳಕೆಯ ಅರ್ಥಶಾಸ್ತ್ರವಿದೆ. ಕಸ ಬೇರ್ಪಡಿಸುವವರ ದುಡಿಮೆಯೂ ಇದೆ. ಸಂಜೆ ಕ್ಯಾಂಟೀನಿನ ಗುತ್ತಿಗೆದಾರರ ಮುಂದೆ ಕೂತಾಗ ಅವರ ಕೈಯಲ್ಲಿ ಘೋಷಣೆಯಿರುವುದಿಲ್ಲ, ತೂಕದ ಪಟ್ಟಿಯಿರುತ್ತದೆ. ಎಸೆದ ಆಹಾರವೆಂದರೆ ಎಸೆದ ಹಣ ಎಂಬುದು ಗುತ್ತಿಗೆದಾರರಿಗೆ ಬೇಗ ಅರ್ಥವಾಗುತ್ತದೆ, ಮಾತು ಮುಂದುವರಿಯುತ್ತದೆ.

ಸಮಾವೇಶಗಳು, ಬಹುಮಾನದ ಸ್ಪರ್ಧೆಗಳು, ಹೊಸ ಉದ್ಯಮದ ಯೋಜನೆಗಳನ್ನು ತೀರ್ಪುಗಾರರ ಮುಂದೆ ಮಂಡಿಸುವ ಉತ್ಸವಗಳು ಇವೆಲ್ಲ ಬೇಡವೆಂದು ನಾನು ಹೇಳುವುದಿಲ್ಲ. ಅವು ಹುರುಪು ತುಂಬುತ್ತವೆ, ಗೆಳೆತನ ಬೆಳೆಸುತ್ತವೆ. ಆದರೆ ಯೋಜನೆ ಬಹುಮಾನ ಪಡೆದ ದಿನವೇ ಮುಗಿದುಹೋಗುವುದುಂಟು, ಮತ್ತು ಯಾರ ಬದುಕು ಸುಧಾರಿಸಬೇಕೆಂದು ಅದನ್ನು ಬರೆಯಲಾಗಿತ್ತೋ ಅವರನ್ನು ಒಮ್ಮೆಯೂ ಭೇಟಿಯಾಗದೆ ಬರೆದ ಯೋಜನೆಗಳೂ ಇರುತ್ತವೆ. ಇದು ನನಗೆ ನೋವಿನ ಸಂಗತಿ.

ಇನ್ನು ಉದ್ಯೋಗಸ್ಥರ ವಿಷಯ. ಒಂದು ಕಂಪನಿಯ ಖರೀದಿ ವಿಭಾಗದಲ್ಲಿರುವ ಸದಸ್ಯೆಯೊಬ್ಬರನ್ನು ಕಲ್ಪಿಸಿಕೊಳ್ಳಿ. ಯಂತ್ರದ ಬಿಡಿಭಾಗಗಳು ಪ್ರತಿ ವಾರವೂ ರಟ್ಟಿನ ಪೆಟ್ಟಿಗೆಗಳಲ್ಲಿ, ಥರ್ಮೋಕೋಲ್ ತುಂಬಿಕೊಂಡು ಬರುತ್ತವೆ. ಬಿಚ್ಚಿದ ಮೇಲೆ ಎಲ್ಲವೂ ಕಸ. ಮುಂದಿನ ಟೆಂಡರಿನ ಷರತ್ತುಗಳಲ್ಲಿ, ಸರಕನ್ನು ಮರಳಿ ಬಳಸಬಹುದಾದ ಕ್ರೇಟುಗಳಲ್ಲಿ ಕಳುಹಿಸಿ, ಖಾಲಿ ಕ್ರೇಟುಗಳನ್ನು ಹಿಂದಿರುಗುವ ಲಾರಿಯಲ್ಲಿ ಒಯ್ಯಬೇಕು ಎಂಬ ಒಂದೇ ಒಂದು ಸಾಲನ್ನು ಅವರು ಸೇರಿಸುತ್ತಾರೆ. ಕ್ರೇಟಿನ ಬೆಲೆ ಪೆಟ್ಟಿಗೆಗಿಂತ ಹೆಚ್ಚು ಎಂದು ಹಣಕಾಸು ವಿಭಾಗ ತಕರಾರು ತೆಗೆದಾಗ, ಅದೇ ಕ್ರೇಟು ಎಷ್ಟು ಸಲ ಓಡಾಡುತ್ತದೆ ಎಂಬ ಲೆಕ್ಕವನ್ನು ಮುಂದಿಡುತ್ತಾರೆ. ಯಾವ ವೇದಿಕೆಯೂ ಇಲ್ಲದ, ಯಾರೂ ಚಪ್ಪಾಳೆ ತಟ್ಟದ ಕೆಲಸ ಇದು. ಕಂಪನಿಗಳು ತಮ್ಮ ಇಂಗಾಲದ ಹೊರಸೂಸುವಿಕೆಯನ್ನು ಲೆಕ್ಕ ಹಾಕುವಾಗ ಮೂರು ವ್ಯಾಪ್ತಿಗಳನ್ನು ಗುರುತಿಸುತ್ತವೆ: ತಾವೇ ಉರಿಸುವ ಇಂಧನ, ಕೊಂಡ ವಿದ್ಯುತ್ತು, ಮತ್ತು ಪೂರೈಕೆದಾರರಿಂದ ಹಿಡಿದು ಗ್ರಾಹಕರವರೆಗಿನ ಉಳಿದ ಸರಪಳಿ. ಬಹಳಷ್ಟು ಕಂಪನಿಗಳಲ್ಲಿ ಈ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಹಾಗಾಗಿ ಪರಿಸರ ವಿಭಾಗದ ನಾಲ್ಕು ಜನರಿಗಿಂತ ಖರೀದಿ ವಿಭಾಗದ ಒಬ್ಬರ ಕೈಯಲ್ಲಿ ಹೆಚ್ಚು ಬಲವಿರಬಹುದು.

ಉದ್ಯೋಗ ಹುಡುಕುವವರ ಕೈಯಲ್ಲೂ ಬಲವಿದೆ. 2018ರಲ್ಲಿ ಫ್ರಾನ್ಸಿನ ಪ್ರತಿಷ್ಠಿತ ಸಂಸ್ಥೆಗಳ ವಿದ್ಯಾರ್ಥಿಗಳು ಪರಿಸರದ ಎಚ್ಚರಕ್ಕಾಗಿ ಒಂದು ಪ್ರಣಾಳಿಕೆಯನ್ನು ಹೊರಡಿಸಿದರು. ತಮ್ಮ ನಂಬಿಕೆಗಳಿಗೆ ಒಪ್ಪುವ ಕಂಪನಿಗಳಲ್ಲಿ ಮಾತ್ರ ದುಡಿಯಲು ಬಯಸುವುದಾಗಿ ಸಾರಿದ ಅದಕ್ಕೆ 30,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಸಹಿ ಹಾಕಿದರು. ಸಾಲದ ಹೊರೆ ಹೊತ್ತ ಪದವೀಧರನಿಗೆ ಇಂಥ ಆಯ್ಕೆ ಸುಲಭವಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು; ಸಿಕ್ಕ ಕೆಲಸಕ್ಕೆ ಸೇರಿದವನನ್ನು ಸಂಘಟನೆಗಳು ಹೊರಗಿನವನಂತೆ ಕಾಣಬಾರದು. ನಾಳೆ ಒಳಗಿನಿಂದ ಕೆಲಸ ಮಾಡಬೇಕಾದವನು ಅವನೇ.

ಒಂದು ಅಪಾಯವನ್ನೂ ಮರೆಯುವಂತಿಲ್ಲ. ಸಂಘಟನೆಗಳ ಸಭೆಗಳಿಗೆ ಪ್ರಾಯೋಜಕರಾಗಿ ಬರುವ ಕಂಪನಿಗಳಲ್ಲಿ ಕೆಲವಕ್ಕೆ ಬೇಕಿರುವುದು ಪರಿಸರಸ್ನೇಹಿ ಎಂಬ ಹಣೆಪಟ್ಟಿ ಮಾತ್ರ. ಆರ್ಥಿಕ ಫಲದ ಜೊತೆಗೆ ಸಮಾಜದ ಮತ್ತು ಪರಿಸರದ ಫಲವನ್ನೂ ಅಳೆಯಬೇಕೆಂಬ ಮೂರು ಲೆಕ್ಕಗಳ ಪರಿಕಲ್ಪನೆಯನ್ನು ಬ್ರಿಟನ್ನಿನ ಜಾನ್ ಎಲ್ಕಿಂಗ್‌ಟನ್ 1994ರಲ್ಲಿ ಮುಂದಿಟ್ಟಿದ್ದರು. ಅದು ಬರಿಯ ವರದಿ ಬರೆಯುವ ಸಾಧನವಾಗಿ ಇಳಿದುಹೋಗಿದೆ ಎಂಬ ಚಿಂತೆಯಿಂದ, 2018ರಲ್ಲಿ, ದೋಷವಿರುವ ಸರಕನ್ನು ತಯಾರಕರು ಮಾರುಕಟ್ಟೆಯಿಂದ ಹಿಂದೆ ಕರೆಸಿಕೊಳ್ಳುವಂತೆ, ಅವರು ಆ ಪರಿಕಲ್ಪನೆಯನ್ನೇ ಮರುಪರಿಶೀಲನೆಗೆಂದು ಹಿಂದಕ್ಕೆ ಕರೆದರು. ತನ್ನ ಹೆಸರು ತಂದುಕೊಟ್ಟ ವಿಚಾರವನ್ನೇ ಹೀಗೆ ಪ್ರಶ್ನಿಸಿದ ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ದೊಡ್ಡ ಗೌರವವಿದೆ. ಪ್ರಾಯೋಜಕರ ಹಣ ಪಡೆಯುವ ಘಟಕವೂ ಅವರ ವರದಿಯನ್ನು ಸಾಲು ಸಾಲಾಗಿ ಓದಿ, ಅವರನ್ನೇ ಸಭೆಯಲ್ಲಿ ಪ್ರಶ್ನಿಸುವ ಸ್ವಾತಂತ್ರ್ಯವನ್ನು ಮೊದಲೇ ಲಿಖಿತವಾಗಿ ಪಡೆದುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ವಿದ್ಯಾರ್ಥಿ ಘಟಕಗಳ ದೊಡ್ಡ ದೌರ್ಬಲ್ಯದ ಬಗ್ಗೆ ಒಂದು ಮಾತು. ಎರಡು ವರ್ಷಕ್ಕೊಮ್ಮೆ ತಂಡವೇ ಬದಲಾಗುತ್ತದೆ, ಹೊಸಬರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಇಲ್ಲಿ ಆ ಕೊಂಡಿ ಬೇಕು. ಕ್ಯಾಂಟೀನಿನ ಕಸ ತೂಗಿದ ದಿನದ ಪಟ್ಟಿ, ಗುತ್ತಿಗೆದಾರರು ಒಪ್ಪಿಕೊಂಡ ಮಾತುಗಳು, ಒಪ್ಪದೆ ಹೋದ ಮಾತುಗಳು, ಅವರನ್ನು ಮತ್ತೆ ಭೇಟಿಯಾಗಬೇಕಾದ ದಿನಾಂಕ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಒಂದು ಪ್ರತಿಯನ್ನು ಕಿರಿಯರಿಗೂ ಇನ್ನೊಂದನ್ನು ಕೆಲಸಕ್ಕೆ ಸೇರಿದ ಹಿರಿಯ ಸದಸ್ಯರೊಬ್ಬರಿಗೂ ಕೊಡಬೇಕು. ಮುಂದಿನ ವರ್ಷ ಅದೇ ತಿಂಗಳು, ಅದೇ ವಾರ, ಆ ಹಿರಿಯರು ಕಿರಿಯರಿಗೆ ಫೋನ್ ಮಾಡಿ ಕೇಳಬೇಕಾದದ್ದು ಇಷ್ಟೇ: ಈ ಸಲ ತೂಕ ಎಷ್ಟು ಬಂತು?

ನಮಸ್ಕಾರ.