ಸದ್ದು ನಿಂತರೆ ಸಿಕ್ಕಿತು ಎಂದರ್ಥ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 1999ರಲ್ಲಿ. ಮಾನಿಟರ್ ಎತ್ತಿ ಮೇಜಿನ ಮೇಲಿಡಲು ಇಬ್ಬರು ಬೇಕಾಯಿತು. ವಿಂಡೋಸ್ 98, ಮೂವತ್ತೆರಡು ಎಂಬಿ ರ್ಯಾಮ್, ನಾಲ್ಕು ಜಿಬಿ ಹಾರ್ಡ್ ಡಿಸ್ಕ್. "ಇಷ್ಟು ಜಾಗ ನಾವು ಯಾವತ್ತು ತುಂಬಿಸುವುದು?" ಎಂದಿದ್ದರು ಅಪ್ಪ.

ಆ ಯಂತ್ರ ಇವತ್ತಿಗೂ ನನ್ನ ನೆನಪಿನಲ್ಲಿ ಉಳಿದಿರುವುದು ಕಣ್ಣಿಗಿಂತ ಹೆಚ್ಚಾಗಿ ಕಿವಿಯಲ್ಲಿ. ಹಾರ್ಡ್ ಡಿಸ್ಕಿನ ಕಿಟಿಕಿಟಿ, ಫ್ಲಾಪಿ ಡ್ರೈವಿನ ಕರಕರ. ಒಳಗೆ ಏನು ನಡೆಯುತ್ತಿದೆ ಎಂಬುದು ಪಕ್ಕದ ಕೋಣೆಗೂ ಗೊತ್ತಾಗುತ್ತಿತ್ತು. ಕರಕರ ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ಎದೆ ಧಸಕ್ಕೆನ್ನುತ್ತಿತ್ತು: ಫ್ಲಾಪಿ ಹೋಯಿತು, ಅದರಲ್ಲಿದ್ದ ಬರಹವೂ ಹೋಯಿತು.

ಮೌಸ್ ಮಾತ್ರ ಸದ್ದಿಲ್ಲದೆ ಕೈಕೊಡುತ್ತಿತ್ತು. ಬಾಣದ ಗುರುತು ತಡವರಿಸಲು ಶುರುಮಾಡಿದರೆ ಅದನ್ನು ಬೋರಲು ಹಾಕಿ, ಕೆಳಗಿನ ಬಿಲ್ಲೆ ತಿರುಗಿಸಬೇಕು. ತೂಕದ ರಬ್ಬರ್ ಚೆಂಡು ಅಂಗೈಗೆ ಬೀಳುತ್ತಿತ್ತು. ಒಳಗಿನ ಪುಟ್ಟ ಉರುಳೆಗಳ ನಡುವಿಗೆ ಧೂಳು ದಾರದ ಹಾಗೆ ಸುತ್ತಿಕೊಂಡಿರುತ್ತಿತ್ತು. ಉಗುರಿನಿಂದ ಕೆರೆದು ತೆಗೆದು ಚೆಂಡು ಹಾಕಿದರೆ ಬಾಣ ಮತ್ತೆ ಸರಾಗ. ಯಂತ್ರವೊಂದನ್ನು ನಾನೇ ಸರಿಮಾಡಿದೆ ಎಂಬ ಹೆಮ್ಮೆ ನನಗೆ ಮೊದಲು ಸಿಕ್ಕಿದ್ದು ಅಲ್ಲಿ.

ಆಮೇಲೆ ಬಂತು ಮೋಡೆಮ್, ಕಂಪ್ಯೂಟರನ್ನು ಫೋನಿನ ಮೂಲಕ ಇಂಟರ್ನೆಟ್ಟಿಗೆ ಸೇರಿಸುವ ಸಾಧನ. ಫೋನಿನ ತಂತಿಯನ್ನೇ ಅದಕ್ಕೆ ಸಿಕ್ಕಿಸಬೇಕು. ಆ ತಂತಿ ಹಾಕಿದ್ದು ಮನುಷ್ಯರ ಮಾತಿಗೆ. ಅದರಲ್ಲಿ ಸಾಗುತ್ತಿದ್ದುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ. ಹಾಗಾಗಿ ಕಂಪ್ಯೂಟರಿನ ಸೊನ್ನೆ, ಒಂದುಗಳೂ ದನಿಯಾಗಿಯೇ ಹೋಗಬೇಕು. ಮೊದಲು ನಂಬರ್ ಒತ್ತುವ ಟಿಣ್ ಟಿಣ್. ಆಚೆಯಿಂದ ಒಂದೇ ಸಮನೆ ಎಳೆದ ಸಣ್ಣ ಕೂಗು. ದಾರಿಯಲ್ಲಿ ಪ್ರತಿಧ್ವನಿ ಅಡಗಿಸಲು ಕೂತಿರುವ ಸಾಧನಗಳಿಗೆ "ಈಗ ನೀವು ಸುಮ್ಮನಿರಿ" ಎಂಬ ಸೂಚನೆ ಅದು. ಬಳಿಕ ಕೀರಲು, ಗೊರಗೊರ, ಮಳೆ ಸುರಿದಂಥ ಸದ್ದು. ಎರಡು ಮೋಡೆಮ್‌ಗಳು ತಂತಿಯ ಗುಣ ನೋಡಿಕೊಂಡು, ಎಷ್ಟು ವೇಗದಲ್ಲಿ ಮಾತಾಡೋಣ ಎಂದು ಒಪ್ಪಂದಕ್ಕೆ ಬರುತ್ತಿದ್ದವು. ಒಪ್ಪಂದವಾದೊಡನೆ ಸ್ಪೀಕರ್ ಗಪ್‌ಚಿಪ್. ಆ ಮೌನಕ್ಕಾಗಿ ನಾವು ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಸದ್ದು ನಿಂತರೆ ಲೈನ್ ಸಿಕ್ಕಿತು!

ಮೋಡೆಮ್ ಮೇಲೆ 56 ಕೆ ಎಂದು ಬರೆದಿದ್ದರೂ ಸೆಕೆಂಡಿಗೆ ನಾಲ್ಕೈದು ಕೆಬಿ ಬಂದರೆ ಅದೇ ಹಬ್ಬ. ನಾಲ್ಕು ಎಂಬಿಯ ಒಂದು ಹಾಡಿಗೆ ಕಾಲು ಗಂಟೆ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಮುಗಿಯಿತು, ಮತ್ತೆ ಮೊದಲಿಂದ. "ಫೋನ್ ಮುಟ್ಟಬೇಡಿ!" ಎಂದು ದಿನಕ್ಕೆ ಎಷ್ಟು ಸಲ ಕೂಗಿದ್ದೇನೋ.

ಈ ಪಾಡೆಲ್ಲ ದೂರದಲ್ಲಿ ಓದುತ್ತಿದ್ದ ಅಕ್ಕನ ಪತ್ರಕ್ಕಾಗಿ. ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಸೇರಿ 1996ರಲ್ಲಿ ಶುರುಮಾಡಿದ್ದ ಹಾಟ್‌ಮೇಲ್ ಎಂಬ ಇಮೇಲ್ ಸೇವೆಯಲ್ಲಿ ನನ್ನದೊಂದು ಖಾತೆಯಿತ್ತು. ಆಗೆಲ್ಲ ಒಬ್ಬರಿಗೆ ಎರಡು ಎಂಬಿ ಜಾಗ. ಅಕ್ಕ ಸ್ಕ್ಯಾನ್ ಮಾಡಿ ಕಳಿಸುವ ನಾಲ್ಕಾರು ಫೋಟೋಗಳಿಗೇ ಅದು ಭರ್ತಿ. ಹೊಸ ಪತ್ರಕ್ಕೆ ಜಾಗ ಮಾಡಲು ಹಳೆಯದನ್ನು ಅಳಿಸಲೇಬೇಕು. ನಮ್ಮಲ್ಲಿ ಪ್ರಿಂಟರ್ ಇರಲಿಲ್ಲ.

"ಅಳಿಸ್ತೀಯಾ? ಅವಳು ಬರೆದದ್ದನ್ನ?" ಎಂದಳು ಅಮ್ಮ.

ಅವತ್ತಿನಿಂದ ಒಂದು ರೂಢಿಯಾಯಿತು. ಪತ್ರ ತೆರೆದು, ಲೈನ್ ಕತ್ತರಿಸಿ, ಪರದೆ ನೋಡಿಕೊಂಡು ನಾನು ಓದುವುದು. ಅಮ್ಮ ಪಕ್ಕದಲ್ಲಿ ಕೂತು ಗೆರೆ ಹಾಕಿದ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು. ಅಕ್ಕ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ ಕನ್ನಡ, ಅಮ್ಮನ ಕೈಯಲ್ಲಿ ಮರಳಿ ಕನ್ನಡ ಅಕ್ಷರವಾಗುತ್ತಿತ್ತು. "ಸ್ವಲ್ಪ ನಿಧಾನ ಹೇಳು" ಎನ್ನುತ್ತಿದ್ದಳು. ಕಂಪ್ಯೂಟರ್ ಯಾವತ್ತೋ ಹೋಯಿತು. ಆ ನೋಟ್‌ಬುಕ್ ನನ್ನ ಬಳಿ ಇದೆ. ಅದರ ಕೊನೆಯ ಪುಟಗಳು ಮಾತ್ರ ನನ್ನ ಕೈಬರಹದಲ್ಲಿವೆ.

ನಮಸ್ಕಾರ.